ಕೋಡಿ ದಾಟುವ ಮೇಲ್

ಮನೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಂಡಿದ್ದೇನೆ ಎಂದರೆ ಹೊಸಕೆರೆಹಳ್ಳಿಯ ನಮ್ಮ ಬೀದಿಯಲ್ಲಿ ಎರಡು ತರಹದ ಪ್ರಶ್ನೆ ಬರುತ್ತದೆ. ಪಿಇಎಸ್‌ನಲ್ಲಿ ಓದುತ್ತಾ ಇಲ್ಲೇ ರೂಮು ಮಾಡಿಕೊಂಡಿರುವ ಹುಡುಗರು "ಯಾವ ಸಾಫ್ಟ್‌ವೇರ್ ಹಾಕಿದೀರ ಅಂಕಲ್?" ಎಂದು ಕೇಳುತ್ತಾರೆ. ನನ್ನ ಓರಗೆಯವರು "ಬಿಟ್ಟಿ ಸಿಗೋ ಜೀಮೇಲ್ ಇರೋವಾಗ ಇದೆಲ್ಲ ಯಾಕೆ ಬೇಕು ರಾಯರೇ?" ಎನ್ನುತ್ತಾರೆ. ಹುಡುಗರಿಗೆ ಉತ್ತರ ಸುಲಭ. ಸಜ್ಜೆಯ ಮೇಲೆ ಅಂಗೈಯಗಲದ ರಾಸ್ಪ್‌ಬೆರಿ ಪೈ, ಅದರೊಳಗೆ ಲಿನಕ್ಸ್, ಮೇಲ್ ತೆಗೆದುಕೊಳ್ಳುವುದಕ್ಕೆ ಮತ್ತು ಕಳಿಸುವುದಕ್ಕೆ ಪೋಸ್ಟ್‌ಫಿಕ್ಸ್, ಪೆಟ್ಟಿಗೆ ತೆರೆದು ಓದುವುದಕ್ಕೆ ಡವ್‌ಕಾಟ್. ಓರಗೆಯವರಿಗೆ ಉತ್ತರ ಕೊಡಬೇಕಾದರೆ ಕಾಫಿ ಇಟ್ಟು ಕೂರಬೇಕು.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಬೆಂಗಳೂರಿನವರಿಗೆ ಆಗ ಸಿಗುತ್ತಿದ್ದ ವಿಳಾಸದ ಬಾಲ 'ಜಿಐಎಎಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್' ಎಂದಿರುತ್ತಿತ್ತು. ಮುಂಬೈಯವರಿಗೆ ಬಿಎಂ, ಮದ್ರಾಸಿನವರಿಗೆ ಎಂಡಿ, ನಮಗೆ ಬಿಜಿ. ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ, ಕಪ್ಪು ಪರದೆಯಲ್ಲಿ ಪೈನ್ ಎಂಬ ಪ್ರೋಗ್ರಾಂ ತೆರೆದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಮೆರಿಕದಲ್ಲಿದ್ದ ಅಕ್ಕನಿಗೋ ಅಣ್ಣನಿಗೋ ಕಳಿಸಿದವರು ಬನಶಂಕರಿ, ಜಯನಗರ, ಗಿರಿನಗರದ ಎಷ್ಟೋ ಮನೆಗಳಲ್ಲಿ ಇದ್ದಾರೆ. ಆ ವಿಳಾಸಗಳು ಈಗ ಇಲ್ಲ. ಅವುಗಳೊಳಗಿದ್ದ ಕಾಗದಗಳೂ ಇಲ್ಲ. ನಮ್ಮಜ್ಜ ಬರೆದ ಕಾರ್ಡುಗಳು ಟ್ರಂಕಿನಲ್ಲಿ ಸಿಗುತ್ತವೆ, ನಾನು ಮದುವೆಯಾದ ಹೊಸದರಲ್ಲಿ ಬರೆದ ಮೇಲ್‌ಗಳು ಎಲ್ಲೂ ಸಿಗುವುದಿಲ್ಲ.

1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ಅದನ್ನು ಜ್ಯಾಕ್ ಸ್ಮಿತ್ ಜೊತೆ ಸೇರಿ ಕಟ್ಟಿದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದವರು ಎಂದು ನಮ್ಮ ಊರಿನವರಿಗೆ ಒಂದು ಹೆಮ್ಮೆ. ನನಗೂ ಇದೆ. ಆದರೆ ಲೋಕದ ಜನ ತಮ್ಮ ಕಾಗದಪತ್ರಗಳನ್ನೆಲ್ಲ ಬೇರೆಯವರ ಮನೆಯಲ್ಲಿಟ್ಟು, ಬೇಕೆಂದಾಗ ಹೋಗಿ ನೋಡಿಬರುವ ರೂಢಿ ಬಲವಾಗಿ ಬೇರೂರಿದ್ದೂ ಅಲ್ಲಿಂದಲೇ. ಅನುಕೂಲವೇನೋ ದೊಡ್ಡದು. ಆದರೆ ಆ ಮನೆಯವರು ಬಾಗಿಲು ಹಾಕಿದ ದಿನ ನಮ್ಮ ಪೆಟ್ಟಿಗೆ ನಮ್ಮದಲ್ಲ. 2005ರಲ್ಲಿ ಡಾಟ್ ಇನ್ ಹೆಸರುಗಳನ್ನು ಎಲ್ಲರೂ ಕೊಳ್ಳಬಹುದು ಎಂದಾದಾಗ ಮನೆತನದ ಹೆಸರಿನಲ್ಲಿ ಒಂದು ಡೊಮೇನ್ ತೆಗೆದುಕೊಂಡೆ. ಕಾಗದ ನನ್ನ ಮನೆಯಲ್ಲಿರಬೇಕು, ವಿಳಾಸ ನನ್ನ ಹೆಸರಿನಲ್ಲಿರಬೇಕು ಎಂಬ ಎರಡೇ ಆಸೆ.

ಒಳಗೆ ಬರುವ ಮೇಲ್ ಅಷ್ಟೇನೂ ಕಾಡುವುದಿಲ್ಲ. ಕರೆಂಟ್ ಹೋಗಿ, ಯುಪಿಎಸ್ ಕೂಡ ಸೋತು, ಸರ್ವರ್ ಮಲಗಿದರೂ ಗಾಬರಿ ಬೇಡ. ಕಳಿಸುವ ಕಡೆಯ ಸರ್ವರ್ ಕಾಗದವನ್ನು ಬಿಸಾಡುವುದಿಲ್ಲ, ತನ್ನ ಸಾಲಿನಲ್ಲಿಟ್ಟುಕೊಂಡು ಆಗಾಗ ಬಂದು ಕದ ತಟ್ಟುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು ಎಂದು ಇಮೇಲ್‌ನ ನಿಯಮಾವಳಿಯೇ ಹೇಳುತ್ತದೆ. ಬೆಸ್ಕಾಂ ಅಷ್ಟು ದಿನ ನಮ್ಮನ್ನು ಕತ್ತಲಲ್ಲಿ ಇಟ್ಟಿಲ್ಲ. ಕಷ್ಟವಿರುವುದು ಕಳಿಸುವುದರಲ್ಲಿ. ನಮ್ಮ ಬಡಾವಣೆಯಲ್ಲಿ ಒಂದು ಗಮಕ ಕೂಟವಿದೆ, ಅದರ ಆಹ್ವಾನ ಕಳಿಸುವ ಕೆಲಸ ನನ್ನದು. ಮನೆಯ ಸರ್ವರ್‌ನಿಂದ ನೇರವಾಗಿ ಕಳಿಸಿದ ಆಹ್ವಾನಗಳಲ್ಲಿ ಕೆಲವು ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದವು, ಕೆಲವು ಹೊಸ್ತಿಲಿನಿಂದಲೇ ವಾಪಸು ಬಂದವು. ವ್ಯಾಖ್ಯಾನ ಮಾಡುವ ಮೇಷ್ಟ್ರೊಬ್ಬರು "ಕಾರ್ಯಕ್ರಮ ಇದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಪ್ಪ" ಎಂದಾಗ ನನಗೆ ನಿಜವಾಗಿ ನೋವಾಯಿತು.

ಕಾರಣ ಮೇಲ್‌ನ ಒಳಗಿಲ್ಲ, ಅದು ಹೊರಟ ಜಾಗದಲ್ಲಿದೆ. ಮನೆಯ ಬ್ರಾಡ್‌ಬ್ಯಾಂಡಿಗೆ ಸಿಗುವ ಐಪಿ ಅಡ್ರೆಸ್ ಆಗಾಗ ಬದಲಾಗುತ್ತದೆ. ಇಂದು ನನ್ನದು, ನಾಳೆ ಕತ್ತರಿಗುಪ್ಪೆಯ ಯಾರದೋ. ಎಷ್ಟೋ ಕಡೆ ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸಿರುತ್ತಾರೆ. ಹಾಗಿದ್ದರೆ ಹೊರಗಿನವರು ಮನೆಯ ಸರ್ವರ್‌ಗೆ ಬರುವುದೇ ಆಗುವುದಿಲ್ಲ, ಮೇಲ್ ಬೇರೆ ಕಡೆ ಇಳಿಸಿಕೊಂಡು ಅಲ್ಲಿಂದ ತರಿಸಿಕೊಳ್ಳಬೇಕು. ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ 25ನೇ ಪೋರ್ಟನ್ನು ಮನೆಯ ಗ್ರಾಹಕರಿಗೆ ಮುಚ್ಚುವ ಕಂಪನಿಗಳೂ ಇವೆ. ಐಪಿಯಿಂದ ಹೆಸರು ಹುಡುಕುವ ಹಿಮ್ಮುಖ ದಾಖಲೆ, ಅಂದರೆ ಪಿಟಿಆರ್, ನಮ್ಮ ಕೈಯಲ್ಲಿಲ್ಲ. ಸಾಲದ್ದಕ್ಕೆ ಸ್ಪ್ಯಾಮ್‌ಹಾಸ್ ಸಂಸ್ಥೆಯ ಪಿಬಿಎಲ್ ಎಂಬ ಪಟ್ಟಿ. 'ಇಂಥಿಂಥ ಐಪಿಗಳು ಮನೆ ಗ್ರಾಹಕರವು, ಇವುಗಳಿಂದ ನೇರವಾಗಿ ಮೇಲ್ ಬರಬೇಕಾಗಿಲ್ಲ' ಎನ್ನುವ ಪಟ್ಟಿ ಅದು. ಎಷ್ಟೋ ಸಲ ಇಂಟರ್ನೆಟ್ ಕಂಪನಿಗಳೇ ತಮ್ಮ ಐಪಿಗಳನ್ನು ಅಲ್ಲಿ ಬರೆಸಿರುತ್ತವೆ. ಆ ಪಟ್ಟಿಯಲ್ಲಿರುವುದು ಅಪರಾಧವಲ್ಲ, ಯಾರ ಮೇಲೂ ಹೊರಿಸಿದ ಆರೋಪವೂ ಅಲ್ಲ. ಆದರೂ ಕಾಗದ ವಾಪಸು ಬರುತ್ತದೆ.

ಲೋಕ ಇಷ್ಟು ಅನುಮಾನಕ್ಕೆ ಬಿದ್ದದ್ದು ಹೇಗೆ ಎಂದು ನೋಡಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಿಸುವ ಎಸ್‌ಎಂಟಿಪಿಯ ನಿಯಮಗಳನ್ನು ಬರೆದಾಗ ಅದರಲ್ಲಿ ಪಾಸ್‌ವರ್ಡ್ ಎಂಬ ಮಾತೇ ಬರಲಿಲ್ಲ. ಒಂದು ಯಂತ್ರ ಇನ್ನೊಂದಕ್ಕೆ ನಮಸ್ಕಾರ ಹೇಳಿ, ಯಾರಿಂದ ಯಾರಿಗೆ ಎಂದು ತಿಳಿಸಿ, ಕಾಗದ ಕೊಟ್ಟರೆ ಆಯಿತು. ಕಾಗದ ತನ್ನ ಮನೆಯವರಿಗಲ್ಲದಿದ್ದರೂ ತೆಗೆದುಕೊಂಡು ಮುಂದಕ್ಕೆ ಸಾಗಿಸುವುದು ಅಂದಿನ ಮರ್ಯಾದೆ.

ಆ ಮರ್ಯಾದೆಯಿಂದ ಬೆಂಗಳೂರೂ ಬದುಕಿದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿದ್ಯಾಸಂಸ್ಥೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಜೋಡಿಸುವ ಅರ್ನೆಟ್ ಯೋಜನೆ ಶುರು ಮಾಡಿತು. ಅದರಲ್ಲಿದ್ದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), ಐದು ಐಐಟಿಗಳು, ಮುಂಬೈಯ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ ಮತ್ತು ಇಲಾಖೆ ತಾನೇ. ಟಾಟಾ ಇನ್‌ಸ್ಟಿಟ್ಯೂಟಿನ ಮೇಲ್ ಯಂತ್ರಕ್ಕೆ 'ವಿಜ್ಞಾನ್' ಎಂದು ಹೆಸರಿತ್ತು, ಎನ್‌ಸಿಎಸ್‌ಟಿಯದಕ್ಕೆ 'ಶಕ್ತಿ'. ಆರಂಭದ ದಿನಗಳಲ್ಲಿ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರು ಹೊರದೇಶದ ಗೆಳೆಯರಿಗೆ ಬರೆದ ಮೇಲ್ ಟೆಲಿಫೋನ್ ತಂತಿಯಲ್ಲಿ ಮೊದಲು ಮುಂಬೈಗೆ ಹೋಗಿ, ಶ್ರೀನಿವಾಸನ್ ರಮಣಿಯವರ ತಂಡ ನಡೆಸುತ್ತಿದ್ದ ಎನ್‌ಸಿಎಸ್‌ಟಿಯಲ್ಲಿ ತಂಗಿ, ಅಲ್ಲಿಂದ ಅಮೆರಿಕದ ಯೂಯುನೆಟ್ ಮೂಲಕ ಲೋಕಕ್ಕೆ ಸೇರುತ್ತಿತ್ತು. ರಿಲೇ ಅಂದರೆ ಇದೇ. ಬೆಂಗಳೂರಿಗೆ ಸ್ವಂತ ದಾರಿ ಇಲ್ಲದಾಗ ಮುಂಬೈ ಹೊಣೆ ಹೊತ್ತಿತು. ಅದರಲ್ಲಿ ಬೆಂಗಳೂರಿಗೆ ಅವಮಾನವಾಯಿತೆಂದು ಯಾರೂ ಅಂದುಕೊಂಡಿರಲಿಲ್ಲ.

ನಮ್ಮ ಹೊಸಕೆರೆಹಳ್ಳಿಯಲ್ಲಿ ಕೆರೆಕೋಡಿ ಎನ್ನುವುದು ಈಗ ಒಂದು ಬಡಾವಣೆಯ ಹೆಸರು. ಮನೆಗಳು, ಅಂಗಡಿಗಳು ತುಂಬಿಕೊಂಡು ಅಲ್ಲಿ ಒಂದು ಕಾಲಕ್ಕೆ ಕೆರೆಯ ಹೆಚ್ಚಾದ ನೀರು ದಾಟುತ್ತಿತ್ತು ಎನ್ನುವುದು ಹೊಸಬರಿಗೆ ತೋಚುವುದೂ ಇಲ್ಲ. ದೊಡ್ಡ ಹೊಳೆಯಿಲ್ಲದ ಈ ಎತ್ತರದ ಊರಿನಲ್ಲಿ ಹಿಂದಿನವರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು, ಕಾಲುವೆ ಹಿಡಿದು, ಕೆಳಗಿನ ಕೆರೆಗೆ. ನಮ್ಮ ಕಡೆಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಇಮೇಲ್ ನಡೆಯುವುದೂ ಹೀಗೇ, ತಂಗಿ ತಂಗಿ. ತೆಗೆದುಕೊಳ್ಳುವ ಸರ್ವರ್ ಕಾಗದ ಪೂರ್ತಿ ಕೈಗೆ ಬಂದಮೇಲೆ '250' ಎಂಬ ಮೂರಂಕಿಯ ಉತ್ತರ ಕೊಡುತ್ತದೆ. ಆ ಕ್ಷಣದಿಂದ ಕಾಗದದ ಹೊಣೆ ಅದರದು. ಮುಂದೆ ಮುಟ್ಟಿಸಬೇಕು, ಆಗದಿದ್ದರೆ ಆಗಲಿಲ್ಲವೆಂದು ಬರೆದವರಿಗೆ ತಿಳಿಸಬೇಕು. ಮಧ್ಯದಲ್ಲಿ ಸುಮ್ಮನೆ ಕಳೆದುಬಿಡುವಂತಿಲ್ಲ. ಇಡೀ ಎಸ್‌ಎಂಟಿಪಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಈ 250.

ಈ ಹೊಣೆಗಾರಿಕೆಯನ್ನೇ ದುರುಪಯೋಗ ಮಾಡಿಕೊಂಡವರು ಸ್ಪ್ಯಾಮಿನವರು. ಬೇಡದ ಜಾಹೀರಾತಿನ ಮೊದಲ ಮೇಲ್ ಬಹಳ ಹಳೆಯದು. 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ತಮ್ಮ ಹೊಸ ಕಂಪ್ಯೂಟರುಗಳ ಪ್ರಚಾರಕ್ಕೆ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಳಿಸಿದ್ದು. ತೊಂಬತ್ತರ ದಶಕದಲ್ಲಿ ಅದು ಪ್ರವಾಹವಾಯಿತು. ಯಾರದೋ ತೆರೆದ ಸರ್ವರ್‌ಗೆ ಒಂದು ಪ್ರತಿ ಕೊಟ್ಟು ಸಾವಿರಾರು ವಿಳಾಸ ಹೇಳಿದರೆ, ಪಾಪ, ಅದು ರಾತ್ರಿಯೆಲ್ಲ ಕೂತು ಎಲ್ಲರಿಗೂ ಹಂಚುತ್ತಿತ್ತು. 1998ರಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ ತನ್ನ 8.9ನೇ ಆವೃತ್ತಿಯಿಂದ ಅಪರಿಚಿತರ ಕಾಗದ ಸಾಗಿಸುವುದನ್ನು ಮೊದಲೇ ಮುಚ್ಚಿಟ್ಟು ಕೊಡತೊಡಗಿತು. ಒಪ್ಪದವರೂ ಇದ್ದರು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜಾನ್ ಗಿಲ್ಮೋರ್ ತಮ್ಮ ಯಂತ್ರವನ್ನು ತತ್ವಕ್ಕಾಗಿ ತೆರೆದೇ ಇಟ್ಟರು. 2001ರಲ್ಲಿ ಅವರ ಇಂಟರ್ನೆಟ್ ಕಂಪನಿ ಅವರ ಮೇಲ್‌ಗೆ ಅಡ್ಡ ಬಂತು. ಗಿಲ್ಮೋರ್ ಹಟ ನನಗೆ ಅರ್ಥವಾಗುತ್ತದೆ, ಗೌರವವೂ ಇದೆ. ಆದರೂ ಬಾಗಿಲು ಮುಚ್ಚಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಯಾರ ಕಾಗದ ಎಂದು ಗೊತ್ತಿಲ್ಲದೆ ಹೊಣೆ ಹೊತ್ತರೆ ಆ ಹೊಣೆಗೆ ಬೆಲೆಯಿಲ್ಲ.

ಪರಿಹಾರವೂ ಅದೇ ಹೊತ್ತಿಗೆ ಬಂತು. 1998ರ ಡಿಸೆಂಬರ್‌ನಲ್ಲಿ, ಸರ್ವರ್‌ಗಳ ನಡುವಿನ ಸಾಗಣೆಗೆ 25, ಬರೆದವನು ತನ್ನ ಕಾಗದ ಒಪ್ಪಿಸುವುದಕ್ಕೆ 587 ಎಂದು ಬಾಗಿಲುಗಳನ್ನು ಬೇರೆ ಮಾಡಿದರು. 1999ರ ಮಾರ್ಚ್‌ನಲ್ಲಿ ಎಸ್‌ಎಂಟಿಪಿಗೆ ಆತ್, ಅಂದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ವಿಧಾನ, ಸೇರಿತು. ನಮ್ಮಂಥ ಮನೆಗಳಿಗೆ ದಾರಿಯಾಗಿರುವುದು ಇದೇ. ಒಳ್ಳೆಯ ಹೆಸರಿರುವ, ಸ್ಥಿರ ಐಪಿಯಿರುವ ಒಂದು ಸರ್ವರ್‌ನ ಹತ್ತಿರ ಹೋಗಿ 'ನಾನು ಇಂಥವನು, ಇಗೋ ಗುರುತು, ಈ ಕಾಗದ ಮುಟ್ಟಿಸಿ' ಎನ್ನುವುದು. ಡೊಮೇನ್ ಕೊಟ್ಟವರ ಮೇಲ್ ಸೇವೆ ಆಗಬಹುದು. ರಿಲೇಗೆಂದೇ ಇರುವ ಸೇವೆ ಆಗಬಹುದು. ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಹಿಡಿದ ಸಣ್ಣ ಯಂತ್ರವೂ ಆಗಬಹುದು, ಆದರೆ ಅದರ ಒಳ್ಳೆಯ ಹೆಸರನ್ನು ನಾವೇ ಬೆಳೆಸಬೇಕು. ಜೀಮೇಲ್ ಮೂಲಕವೂ ಸಾಧ್ಯ. ಎರಡು ಹಂತದ ಪರಿಶೀಲನೆ ಹಾಕಿಕೊಂಡು ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು, ಏಕೆಂದರೆ ಬರಿಯ ಖಾತೆಯ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ಗೂಗಲ್ 2022ರ ಮೇ ಕೊನೆಯಿಂದ ನಿಲ್ಲಿಸತೊಡಗಿತು. ನಿಮ್ಮ ಡೊಮೇನಿನ ವಿಳಾಸವನ್ನು ಅಲ್ಲಿ ಮೊದಲೇ ದೃಢಪಡಿಸದಿದ್ದರೆ, ಕಳಿಸಿದವರ ಹೆಸರಿನ ಜಾಗದಲ್ಲಿ ಜೀಮೇಲ್ ವಿಳಾಸವೇ ಕೂರುತ್ತದೆ. ಮನೆತನದ ಹೆಸರಿಗಾಗಿ ಇಷ್ಟೆಲ್ಲ ಮಾಡುವವರಿಗೆ ಅದು ಸಲ್ಲದು.

ಇನ್ನು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಐಬಿಎಂನ ಸಂಶೋಧನಾಲಯದಲ್ಲಿದ್ದಾಗ ಬರೆದು 1998ರ ಕೊನೆಯಲ್ಲಿ ಲೋಕಕ್ಕೆ ಕೊಟ್ಟ ಪ್ರೋಗ್ರಾಂ ಇದು. ಹಿಂದಿನ ಸೆಂಡ್‌ಮೇಲ್ ಒಂದೇ ದೊಡ್ಡ ದೇಹವಾಗಿತ್ತು, ಅದರೊಳಗೆ ಒಂದು ಬಿರುಕು ಬಿಟ್ಟರೆ ಯಂತ್ರವೆಲ್ಲ ಕಳ್ಳನ ಕೈಗೆ. ವೆನೆಮಾ ಕೆಲಸವನ್ನು ಹಲವು ಸಣ್ಣ ಪ್ರೋಗ್ರಾಂಗಳಿಗೆ ಹಂಚಿದರು. ತೆಗೆದುಕೊಳ್ಳುವುದು ಒಂದು, ಶುಚಿ ಮಾಡುವುದು ಒಂದು, ಸಾಲು ನೋಡಿಕೊಳ್ಳುವುದು ಒಂದು, ಹೊರಗೆ ಒಯ್ಯುವುದು ಇನ್ನೊಂದು. ಒಂದರ ಅಧಿಕಾರ ಇನ್ನೊಂದಕ್ಕಿಲ್ಲ. ಸಂಜೆ ಹೊತ್ತು ಅದರ ಲಾಗ್ ಓದುತ್ತಾ ಕೂತರೆ, ಕಾಗದ ಕೈಯಿಂದ ಕೈಗೆ ಹೋಗುವುದು ಸಾಲುಸಾಲಾಗಿ ಕಾಣುತ್ತದೆ. ಓದಿ ತಣಿದದ್ದಿಲ್ಲ.

ಮುಖ್ಯ ಫೈಲಿನಲ್ಲಿ ರಿಲೇಹೋಸ್ಟ್ ಎಂಬ ಸಾಲಿಗೆ ರಿಲೇ ಸರ್ವರ್‌ನ ಹೆಸರನ್ನು ಚೌಕ ಆವರಣದೊಳಗೆ ಬರೆದು, ಪಕ್ಕದಲ್ಲಿ 587 ಸೇರಿಸಬೇಕು. ಆವರಣ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನವರ ಮೇಲ್ ಎಲ್ಲಿಗೆ ಬರುತ್ತದೆ ಎಂದು ಎಂಎಕ್ಸ್ ಹುಡುಕಿಕೊಂಡು ಬೇರೆ ಕಡೆ ಹೋಗಬಹುದು. ಹೆಸರು ಮತ್ತು ಪಾಸ್‌ವರ್ಡ್ ಬೇರೊಂದು ಫೈಲಿನಲ್ಲಿರುತ್ತವೆ. ಅಲ್ಲಿಯೂ ಸರ್ವರ್‌ನ ಹೆಸರು ಆವರಣ, ಪೋರ್ಟ್ ಸಮೇತ ಅಕ್ಷರ ಅಕ್ಷರ ಹೊಂದಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಸಿಕ್ಕುವುದೇ ಇಲ್ಲ. ಫೈಲನ್ನು ರೂಟ್ ಬಿಟ್ಟು ಯಾರೂ ಓದದಂತೆ 600 ಅನುಮತಿ ಕೊಟ್ಟು, ಪೋಸ್ಟ್‌ಮ್ಯಾಪ್ ಓಡಿಸಿ, ಗುರುತು ಒಪ್ಪಿಸುವ ಸಾಸಲ್ ವಿಧಾನ ಬಳಸು ಎಂದು ಹೇಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಡೆಬಿಯನ್‌ನಲ್ಲಿ ಸಾಸಲ್‌ನ ಮಾಡ್ಯೂಲ್‌ಗಳ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹುಡುಗರು ಇದೊಂದಕ್ಕೆ ಇಡೀ ರಾತ್ರಿ ಒದ್ದಾಡುವುದನ್ನು ನೋಡಿದ್ದೇನೆ.

ಉಳಿದ ಕಾಲು ಭಾಗ ಗುಟ್ಟಿನ ವಿಚಾರ. ಇಲ್ಲಿ ಕನ್ನಡದ ಮಾತೂ ಬರುತ್ತದೆ. ಪೋಸ್ಟೆಲ್ ಅವರ ಎಸ್‌ಎಂಟಿಪಿಗೆ ಏಳು ಬಿಟ್‌ನ ಇಂಗ್ಲಿಷ್ ಅಕ್ಷರ ಬಿಟ್ಟು ಇನ್ನೊಂದು ಗೊತ್ತಿರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ವ್ಯವಸ್ಥೆ ತಂದ ಮೇಲೆ ಬೇರೆ ಲಿಪಿಗಳಿಗೂ ಚಿತ್ರಗಳಿಗೂ ಅದೇ ಹಳೆಯ ಕಾಲುವೆಯಲ್ಲಿ ಜಾಗವಾಯಿತು. ಅದರ ಒಂದು ಉಪಾಯದ ಹೆಸರು ಬೇಸ್64. ಮೂರು ಬೈಟ್‌ಗಳನ್ನು ನಾಲ್ಕು ಸಾದಾ ಚಿಹ್ನೆಗಳಾಗಿ ಬರೆಯುವುದು. ಯುಟಿಎಫ್-8ರಲ್ಲಿ ಕನ್ನಡದ ಒಂದು ಮೂಲಾಕ್ಷರಕ್ಕೆ ಸರಿಯಾಗಿ ಮೂರು ಬೈಟ್. ಹಾಗಾಗಿ ನಾನು 'ಗಮಕ' ಎಂದು ಬರೆದರೆ ಅದು ಒಂಬತ್ತು ಬೈಟ್, ದಾರಿಯಲ್ಲಿ ಹನ್ನೆರಡು ಚಿಹ್ನೆ. ಆಚೆ ದಡದಲ್ಲಿ ಮತ್ತೆ 'ಗಮಕ'. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಣ್ಣು ಕಿರಿದು ಮಾಡಿಕೊಂಡು ಓದಿದ ಕಾಲ ಕಂಡ ನನಗೆ ಈ ಲೆಕ್ಕ ಒಂದು ಸಂತೋಷ.

ರಿಲೇಗೆ ಕೊಡುವ ಪಾಸ್‌ವರ್ಡ್ ಸಾಮಾನ್ಯವಾಗಿ ಇದೇ ಬೇಸ್64ರಲ್ಲಿ ಹೋಗುತ್ತದೆ. ನೋಡುವುದಕ್ಕೆ ಗೂಢಲಿಪಿಯಂತಿದ್ದರೂ ಯಾರು ಬೇಕಾದರೂ ಬಿಡಿಸಿ ಓದಬಹುದು. ಅದಕ್ಕೇ ಮೊದಲು ಮಾತನ್ನು ಗುಪ್ತ ಮಾಡುವ ಟಿಎಲ್‌ಎಸ್, ಆಮೇಲೆ ಪಾಸ್‌ವರ್ಡ್. 587ರಲ್ಲಿ ನಡೆಯುವ ಸಂಭಾಷಣೆ ಹೀಗೆ: ನಮ್ಮ ಸರ್ವರ್ ನಮಸ್ಕಾರ ಹೇಳುತ್ತದೆ, ಸ್ಟಾರ್ಟ್‌ಟಿಎಲ್‌ಎಸ್ ಎಂದು ಕೇಳಿ ಮಾತನ್ನು ಗುಪ್ತ ಮಾಡಿಕೊಳ್ಳುತ್ತದೆ, ಹೊಸದಾಗಿ ಮತ್ತೊಮ್ಮೆ ನಮಸ್ಕಾರ ಹೇಳುತ್ತದೆ, ಆಮೇಲೆ ಗುರುತು ಕೊಡುತ್ತದೆ. ಆಚೆಯಿಂದ 235 ಬಂದರೆ ಒಪ್ಪಿದರು, 535 ಬಂದರೆ ಪಾಸ್‌ವರ್ಡ್ ಸರಿಯಿಲ್ಲ. ಪೋಸ್ಟ್‌ಫಿಕ್ಸ್‌ಗೆ ಟಿಎಲ್‌ಎಸ್ 'ಇದ್ದರೆ ಇರಲಿ' ಎಂದು ಹೇಳಬಾರದು, 'ಇರಲೇಬೇಕು' ಎನ್ನಬೇಕು. ಎದುರಿನವರ ಪ್ರಮಾಣಪತ್ರವನ್ನೂ ಹೆಸರನ್ನೂ ತಾಳೆ ನೋಡುವ 'ಸೆಕ್ಯೂರ್' ಮಟ್ಟ ಇನ್ನೂ ಒಳ್ಳೆಯದು. ಪೋಸ್ಟ್‌ಫಿಕ್ಸ್ ತಾನಾಗಿ ಸಾದಾ ಪಾಸ್‌ವರ್ಡ್ ಕಳಿಸಲು ಒಪ್ಪುವುದಿಲ್ಲ. ಆ ಕಟ್ಟನ್ನು ಟಿಎಲ್‌ಎಸ್ ಇದ್ದಾಗ ಮಾತ್ರ ಸಡಿಲಿಸಿ, ಬೇರೆ ಹೊತ್ತಿನಲ್ಲಿ ಹಾಗೇ ಬಿಡಬೇಕು. ಹಾಗೆ ಮಾಡಿದರೆ ಗುಟ್ಟು ಬಯಲಿನಲ್ಲಿ ಹೊರಡುವ ಪ್ರಸಂಗವೇ ಬರುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಈ ಗುಪ್ತತೆ ಒಂದೊಂದು ಹೆಜ್ಜೆಗೆ ಮಾತ್ರ. ರಿಲೇಯವರ ಯಂತ್ರದೊಳಗೆ ಕಾಗದ ತೆರೆದೇ ಇರುತ್ತದೆ. ಯಾರೂ ಓದಬಾರದ ಸಂಗತಿಗೆ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಕೊಟ್ಟ ಪಿಜಿಪಿಯಂಥದು ಬೇಕು. ನಮ್ಮ ಕೂಟದ ಆಹ್ವಾನಕ್ಕೆ ಅದು ಬೇಡ, ಆಸ್ಪತ್ರೆಯ ವರದಿಗೆ ಬೇಕು.

ರಿಲೇಯವರು ಒಪ್ಪಿದರೂ ಲೋಕ ಒಪ್ಪಬೇಕಲ್ಲ. ನನ್ನ ಡೊಮೇನಿನ ಹೆಸರಿನಲ್ಲಿ ಇವರೂ ಕಾಗದ ಒಯ್ಯಬಹುದು ಎಂದು ಡಿಎನ್‌ಎಸ್‌ನ ಎಸ್‌ಪಿಎಫ್ ದಾಖಲೆಯಲ್ಲಿ ಅವರ ಹೆಸರು ಸೇರಿಸಬೇಕು. ಡಿಕಿಮ್ ಸಹಿಯನ್ನು ರಿಲೇಯವರೂ ಹಾಕಿಕೊಡುತ್ತಾರೆ, ಆದರೆ ನಾನು ಮನೆಯಲ್ಲೇ ಹಾಕುತ್ತೇನೆ. ಖಾಸಗಿ ಕೀಲಿ ಸಜ್ಜೆಯ ಮೇಲಿನ ಆ ಪುಟ್ಟ ಯಂತ್ರದಲ್ಲಿ, ಅದರ ಸಾರ್ವಜನಿಕ ಜೋಡಿ ಡಿಎನ್‌ಎಸ್‌ನಲ್ಲಿ. ಕಾಗದ ಯಾರ ಕೈಯಲ್ಲಿ ಹೋದರೂ ಸಹಿ ಹೊಸಕೆರೆಹಳ್ಳಿಯದು. ಇವೆರಡರ ಮೇಲೆ, ಎರಡೂ ತಾಳೆಯಾಗದ ಕಾಗದವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾದವು. ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯವಾಯಿತು. ನಮ್ಮಂಥ ಸಣ್ಣವರಿಗೂ ಮೂರನ್ನೂ ಇಟ್ಟುಕೊಳ್ಳುವುದೇ ಕ್ಷೇಮ. ಹಾಗೆಯೇ ನಮ್ಮ ಸರ್ವರ್ ಕೂಡ ಕಂಡವರ ಕಾಗದ ಸಾಗಿಸಬಾರದು. ಮನೆಯ ಜಾಲದವರಿಗೆ, ಪಾಸ್‌ವರ್ಡ್ ಕೊಟ್ಟವರಿಗೆ ಮಾತ್ರ. ನಾವು ಬೇರೆಯವರ ಹತ್ತಿರ ಗುರುತು ಕೊಟ್ಟು ಒಳಗೆ ಹೋಗುವಾಗ ನಮ್ಮ ಬಾಗಿಲಲ್ಲೂ ಅದೇ ನಿಯಮವಿರುವುದು ನ್ಯಾಯ.

ರಿಲೇ ಹಿಡಿದ ಮೇಲೆ ನಿಮ್ಮ ಸರ್ವರ್ ಪೂರ್ತಿ ಸ್ವಂತದ್ದಲ್ಲ ಎಂದು ಒಬ್ಬ ಹುಡುಗ ನನ್ನ ಜೊತೆ ವಾದ ಮಾಡಿದ. ನಾನು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಕಾಗದ ನನ್ನ ಮನೆಯಲ್ಲಿದೆ, ವಿಳಾಸ ನನ್ನದು, ಸಹಿ ನನ್ನದು. ಸಾಗಿಸುವವರು ಸರಿಬರದಿದ್ದರೆ ರಿಲೇಹೋಸ್ಟ್ ಸಾಲು ತಿದ್ದಿ ಇನ್ನೊಬ್ಬರನ್ನು ಹಿಡಿಯುತ್ತೇನೆ. ನನಗೆ ಬರೆಯುವವರಿಗೆ ಆ ಬದಲಾವಣೆ ಗೊತ್ತೂ ಆಗುವುದಿಲ್ಲ. ಲೋಕದ ಮೇಲ್ ಎಲ್ಲ ಕೆಲವೇ ದೊಡ್ಡ ಬಾಗಿಲುಗಳ ಮೂಲಕ ಹಾಯುವಂತಾಗಿರುವುದು ನನಗೂ ಕಳವಳದ ವಿಷಯ. ಆ ಕಳವಳಕ್ಕೆ ಕಳಿಸುವುದನ್ನೇ ಬಿಡುವುದು ಉತ್ತರವಲ್ಲ, ಪೆಟ್ಟಿಗೆಯನ್ನೂ ಅವರಿಗೆ ಒಪ್ಪಿಸುವುದಂತೂ ಅಲ್ಲವೇ ಅಲ್ಲ.

ಸದ್ಯಕ್ಕೆ ನನ್ನ ಮುಂದಿರುವ ಕೆಲಸ ಬೇರೆ. ಕೂಟದ ಹಿರಿಯರಿಗೆ 'ಡಾಟ್ ಭಾರತ' ಎಂದು ಕನ್ನಡ ಲಿಪಿಯಲ್ಲೇ ಕೊನೆಯಾಗುವ ಡೊಮೇನ್ ಬೇಕಂತೆ, ಅಟ್ ಗುರುತಿನ ಎಡಕ್ಕೂ ಕನ್ನಡವೇ ಇರಬೇಕಂತೆ. ನನಗೂ ಅದೇ ಆಸೆ. 2012ರಲ್ಲೇ ಅದಕ್ಕೆ ಎಸ್‌ಎಂಟಿಪಿಯುಟಿಎಫ್8 ಎಂಬ ವಿಸ್ತರಣೆ ಬಂದಿದೆ, 2015ರ ಪೋಸ್ಟ್‌ಫಿಕ್ಸ್ 3.0ರಿಂದ ನಮ್ಮ ಕಡೆ ಅಡ್ಡಿಯಿಲ್ಲ. ಆದರೆ ಸರಪಳಿಯ ಪ್ರತಿಯೊಬ್ಬರೂ ಅದನ್ನು ಬಲ್ಲವರಾಗಿರಬೇಕು. ರಿಲೇಗೆ ತಿಳಿಯದಿದ್ದರೆ ಪೋಸ್ಟ್‌ಫಿಕ್ಸ್ ಆ ಕಾಗದವನ್ನು ಮುಂದಕ್ಕೆ ಕೊಡದೆ ವಾಪಸು ಕಳಿಸುತ್ತದೆ. ರಿಲೇಯವರು ನಮಸ್ಕಾರಕ್ಕೆ ಉತ್ತರವಾಗಿ ತಮಗೆ ಗೊತ್ತಿರುವುದನ್ನೆಲ್ಲ ಸಾಲುಸಾಲಾಗಿ ಹೇಳುತ್ತಾರೆ. ಆ ಪಟ್ಟಿಯಲ್ಲಿ ಈ ಹೆಸರಿದೆಯೇ ಎಂದು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ನನ್ನ ಈಗಿನ ರಿಲೇಯವರ ಪಟ್ಟಿಯಲ್ಲಿ ಇಲ್ಲ. ಈ ವರ್ಷದ ಚಂದಾ ಮುಗಿದ ಮೇಲೆ ಇರುವವರ ಹತ್ತಿರ ಹೋಗುತ್ತೇನೆ.